ಸ್ಟೀವನ್ ಸೀಗಲ್‌ಗೆ ನಿಜವಾಗಿ ಐಕಿಡೊ ಬರುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಐಕಿಡೊ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಐಕಿಡೊ ಬಗ್ಗೆ ಕೇಳುವುದಿಲ್ಲ. ಹಾಲಿವುಡ್ ಫೈಟ್ ಸಿನಿಮಾಗಳ ನಟ ಸ್ಟೀವನ್ ಸೀಗಲ್ ಬಗ್ಗೆ ಕೇಳುತ್ತಾರೆ. ಕೆಲವರಿಗೆ ಅವರು ದೇವರು, ಕೆಲವರಿಗೆ ಬರೀ ಜೋಕು. ಇಷ್ಟು ವರ್ಷ ಬಾಯಲ್ಲಿ ಕೊಟ್ಟ ಉತ್ತರಗಳನ್ನು ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲಿಗೂ ಸ್ವಲ್ಪ ಬಿಡುವು ಸಿಗುತ್ತದೆ ಅಂತ ಇದನ್ನು ಬರೆದಿದ್ದೇನೆ.

ಸುತ್ತಿ ಬಳಸಿ ಹೇಳಬೇಡಿ. ಅವರಿಗೆ ಐಕಿಡೊ ಬರುತ್ತಾ, ಇಲ್ವಾ?

ಬರುತ್ತದೆ. ಚೆನ್ನಾಗಿಯೇ ಬರುತ್ತದೆ.

ಆದರೂ ಜಗಳ ಮುಗಿಯುವುದಿಲ್ಲ. ಯಾಕಂದ್ರೆ ಈ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ಮೂರು ಪ್ರಶ್ನೆಗಳಿವೆ. ಐಕಿಡೊ ಅನ್ನುವ ವಿದ್ಯೆ ಅವರ ಮೈಗೆ ಹತ್ತಿದೆಯಾ? ಆ ವಿದ್ಯೆಯಿಂದ ಅವರು ನಿಜವಾದ ಹೊಡೆದಾಟ ಗೆಲ್ಲಬಲ್ಲರಾ? ತಮ್ಮ ಬಗ್ಗೆ ಅವರು ಹೇಳಿಕೊಳ್ಳುವ ಕಥೆಗಳು ನಿಜವಾ? ಮೊದಲನೆಯದಕ್ಕೆ ನನ್ನ ಉತ್ತರ ಹೌದು. ಎರಡನೆಯದಕ್ಕೆ ಸಾಕ್ಷಿ ಇಲ್ಲ. ಮೂರನೆಯದಕ್ಕೆ, ಉಪ್ಪು ಖಾರ ಎಷ್ಟು ಬಿದ್ದಿದೆ ಅಂತ ಒಂದೊಂದನ್ನೂ ಬೇರೆ ಬೇರೆ ನೋಡಬೇಕು. ಅಭಿಮಾನಿಗಳು ಮೊದಲನೆಯದರ ಉತ್ತರವನ್ನು ಉಳಿದ ಎರಡಕ್ಕೂ ಹಚ್ಚುತ್ತಾರೆ. ಟೀಕಿಸುವವರು ಮೂರನೆಯದರಿಂದ ಶುರುಮಾಡಿ ಹಿಂದಕ್ಕೆ ಬರುತ್ತಾರೆ. ಇಬ್ಬರೂ ಕೂಗಾಡುತ್ತಾರೆ, ಅಷ್ಟೆ.

ಐಕಿಡೊ ಅಂದರೆ ಏನು? ಗೊತ್ತಿಲ್ಲದವರಿಗೆ ನಾಲ್ಕು ಮಾತು ಹೇಳಿ.

ಮೊರಿಹೆಯಿ ಉಯೆಶಿಬಾ (1883–1969) ಅನ್ನುವ ಜಪಾನಿ ಗುರು ಕಟ್ಟಿದ ಸಮರಕಲೆ. ಅವರು 1915ರಲ್ಲಿ ಹೊಕ್ಕೈಡೊದಲ್ಲಿ ಸೊಕಾಕು ತಾಕೆದಾ ಎಂಬುವರನ್ನು ಭೇಟಿಯಾಗಿ ದಾಯ್ತೊರ್ಯು ಅನ್ನುವ ಜುಜುತ್ಸು (ಜಪಾನಿನ ಹಳೆಯ ಸಮರವಿದ್ಯೆ) ಕಲಿತರು. ಅದನ್ನೇ ವರ್ಷಗಟ್ಟಲೆ ತಿದ್ದಿ ತೀಡಿ ಬೇರೆ ರೂಪ ಕೊಟ್ಟರು. ಮಣಿಕಟ್ಟು, ಮೊಣಕೈ, ಭುಜದ ಕೀಲುಗಳನ್ನು ತಿರುಗಿಸುವುದು, ಎದುರಾಳಿಯ ಸಮತೋಲನ ಕೆಡಿಸಿ ಎಸೆಯುವುದು, ಇದೇ ಮುಖ್ಯ. ಮೇಲಿನಿಂದ ಹೊಡೆಯುವ ದಾಳಿಗಳೆಲ್ಲ ಕತ್ತಿ ಬೀಸಿದ ಹಾಗೆ ಕಾಣುತ್ತವೆ. ಅಭ್ಯಾಸದಲ್ಲಿ ಒಬ್ಬರು ದಾಳಿ ಮಾಡುತ್ತಾರೆ, ಅವರು ಉಕೆ. ಇನ್ನೊಬ್ಬರು ಎಸೆಯುತ್ತಾರೆ, ಅವರು ನಾಗೆ. ಈ ಎರಡು ಪದ ನೆನಪಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬರುತ್ತವೆ.

ಬಹುತೇಕ ಐಕಿಡೊ ಶಾಖೆಗಳಲ್ಲಿ ಸ್ಪರ್ಧೆ ಇಲ್ಲ. ಪಂದ್ಯ ಇಲ್ಲ, ಅಂಕ ಇಲ್ಲ, ಗೆದ್ದವರು ಸೋತವರು ಅಂತ ಇಲ್ಲ. ಯಾರ ಕೌಶಲ ಎಷ್ಟು ಅಂತ ಅಳೆಯುವುದು ಇಷ್ಟು ಕಷ್ಟ ಆಗಿರುವುದಕ್ಕೆ ಮೂಲ ಕಾರಣ ಇದೇ.

ಸೀಗಲ್ ಕಲಿತದ್ದು ಎಲ್ಲಿ?

ಅವರು ಹುಟ್ಟಿದ್ದು 1952ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಹ್ಯಾರಿ ಇಶಿಸಾಕಾ ಎಂಬ ಗುರುಗಳ ಬಳಿ ಐಕಿಡೊ ಶುರುಮಾಡಿದರು. 1970ರ ದಶಕದಲ್ಲಿ ಜಪಾನಿಗೆ ಹೋದರು. ಐಕಿಡೊ ಕಲಿಸುತ್ತಿದ್ದ ಮಿಯಾಕೊ ಫುಜಿತಾನಿ ಅವರನ್ನು ಮದುವೆಯಾದರು. ಒಸಾಕಾದಲ್ಲಿದ್ದ ತೆನ್‌ಶಿನ್ ಡೋಜೊ (ಡೋಜೊ ಅಂದರೆ ಅಭ್ಯಾಸದ ಶಾಲೆ) ಆ ಹೆಂಡತಿಯ ಮನೆಯವರದು. ಸೀಗಲ್ ಅಲ್ಲೇ ಗುರುವಾಗಿ ನಿಂತರು. 'ಜಪಾನಿನಲ್ಲಿ ಡೋಜೊ ನಡೆಸಿದ ಮೊದಲ ವಿದೇಶಿ' ಎಂಬ ಬಿರುದು ಹುಟ್ಟಿದ್ದು ಇಲ್ಲಿಂದ. ಬಿರುದು ಹೇಳುವವರು ಮಾವನ ಮನೆಯ ವಿಷಯವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಹಾಗಂತ ಅದು ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ. ಜಪಾನಿ ಭಾಷೆಯಲ್ಲಿ ಜಪಾನಿ ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಪಾಠ ಹೇಳುವುದು ತಮಾಷೆಯಲ್ಲ. ಕೈಯಲ್ಲಿ ಏನೂ ಇಲ್ಲದಿದ್ದರೆ ವಿದ್ಯಾರ್ಥಿಗಳು ಉಳಿಯುವುದಿಲ್ಲ. ಅವರಲ್ಲಿ ಹರುವೊ ಮತ್ಸುವೊಕಾ ಅಂತ ಒಬ್ಬರಿದ್ದರು. ಗುರುವಿನ ಹಿಂದೆಯೇ ಅಮೆರಿಕಕ್ಕೆ ಬಂದರು, ಲಾಸ್ ಏಂಜಲೀಸ್‌ನ ಡೋಜೊ ನೋಡಿಕೊಂಡರು, ವರ್ಷಗಟ್ಟಲೆ ಅವರ ಮುಖ್ಯ ಉಕೆಯಾಗಿದ್ದರು. 1990ರ ದಶಕದ ಕೊನೆಯ ಹೊತ್ತಿಗೆ ಇಬ್ಬರೂ ಬೇರೆಯಾದರು. ಮತ್ಸುವೊಕಾ ಅವರ ಚಲನೆ ನೋಡಿ. ಅದು ಸುಳ್ಳು ಗುರುವಿನ ಬಳಿ ತಯಾರಾದ ಮೈ ಅಲ್ಲ. ಗುರುವನ್ನು ಅಳೆಯಬೇಕಾದರೆ ನಾನು ಮೊದಲು ನೋಡುವುದು ಶಿಷ್ಯರನ್ನು. ಸಿನಿಮಾಗಿಂತ ಅದು ಹೆಚ್ಚು ಸತ್ಯ ಹೇಳುತ್ತದೆ.

7ನೇ ಡಾನ್ ಅಂದರೆ ಎಷ್ಟು ದೊಡ್ಡದು?

ಭೂಗತ ಲೋಕದ ಡಾನ್ ಅಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ, ಒಬ್ಬರು ಗಂಭೀರವಾಗಿಯೇ ಕೇಳಿದ್ದರು. ಬ್ಲ್ಯಾಕ್ ಬೆಲ್ಟ್ ಸಿಕ್ಕಿದ ಮೇಲಿನ ಮೆಟ್ಟಿಲುಗಳಿಗೆ ಡಾನ್ ಅನ್ನುತ್ತಾರೆ.

ಉಯೆಶಿಬಾ ಮನೆತನ ನಡೆಸುವ ಸಂಸ್ಥೆಯ ಹೆಸರು ಐಕಿಕಾಯಿ. ಅದರ ಮುಖ್ಯ ಡೋಜೊ ಟೋಕಿಯೊದ ಶಿಂಜುಕುವಿನಲ್ಲಿದೆ. ಅಲ್ಲಿ 4ನೇ ಡಾನ್‌ವರೆಗೆ ಪರೀಕ್ಷೆ ಇದೆ. ಮೊದಲ ಡಾನ್ ಆದ ಮೇಲೆ ಎರಡನೆಯದಕ್ಕೆ ಕನಿಷ್ಠ 1 ವರ್ಷ ಕಳೆದಿರಬೇಕು, 200 ದಿನ ಅಭ್ಯಾಸ ಮಾಡಿರಬೇಕು. ಮೂರನೆಯದಕ್ಕೆ ಮತ್ತೆ 2 ವರ್ಷ, 300 ದಿನ. ನಾಲ್ಕನೆಯದಕ್ಕೆ 3 ವರ್ಷ, 400 ದಿನ. 5ನೇ ಡಾನ್‌ನಿಂದ ಮೇಲೆ ಪರೀಕ್ಷೆ ಇಲ್ಲ, ಶಿಫಾರಸು. ಎಷ್ಟು ವರ್ಷ ಕಲಿಸಿದ್ದೀರಿ, ಕಲೆಗೆ ಏನು ಮಾಡಿದ್ದೀರಿ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಈಗ ಕೊಡುವ ಅತಿ ಎತ್ತರದ ಮಟ್ಟ 8ನೇ ಡಾನ್.

ಸೀಗಲ್ ಅವರದು ಐಕಿಕಾಯಿಯ 7ನೇ ಡಾನ್. ಶಿಹಾನ್ ಎಂಬ ಗೌರವವೂ ಇದೆ, ಅಂದರೆ ಗುರುಗಳಿಗೆ ಮಾದರಿ ಅನ್ನುವ ಅರ್ಥ. ಎಲ್ಲೋ ಅಂಚೆಯಲ್ಲಿ ತರಿಸಿಕೊಂಡ ಸರ್ಟಿಫಿಕೇಟ್ ಅಲ್ಲ. ಆದರೆ ಈ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದನ್ನೂ ನೋಡಿ. ಸಿನಿಮಾಗಳಿಂದ ಐಕಿಡೊ ಹೆಸರನ್ನು ಕೋಟಿ ಕೋಟಿ ಜನ ಮೊದಲ ಸಲ ಕೇಳಿದರು. 'ಕಲೆಗೆ ಮಾಡಿದ ಸೇವೆ' ಅನ್ನುವ ಲೆಕ್ಕದಲ್ಲಿ ಅದಕ್ಕೆ ತೂಕ ಇದ್ದೇ ಇರುತ್ತದೆ ಅಲ್ವಾ? ಹಾಗಾಗಿ 7 ಎಂಬ ಅಂಕಿಯನ್ನು ಬರೀ ಕೈಚಳಕದ ಅಳತೆ ಅಂತ ಓದಬೇಡಿ. ಇದು ಅವರೊಬ್ಬರ ವಿಷಯ ಅಲ್ಲ, ಎಲ್ಲ ಮೇಲಿನ ಡಾನ್‌ಗಳಿಗೂ ಅನ್ವಯಿಸುತ್ತದೆ.

ಐಕಿಡೊ ಸ್ಥಾಪಕರ ಬಳಿಯೇ ಕಲಿತರಂತೆ, ಹೌದಾ?

ಈ ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ತಾರೀಖು ಇಟ್ಟು ನೋಡಿ. ಉಯೆಶಿಬಾ ತೀರಿಕೊಂಡದ್ದು 1969ರ ಏಪ್ರಿಲ್ 26. ಆಗ ಸೀಗಲ್‌ಗೆ ಆಗಷ್ಟೇ 17 ತುಂಬಿತ್ತು. ಅವರ ಒಸಾಕಾ ದಿನಗಳೆಲ್ಲ 1970ರ ದಶಕದ್ದು. ಶಿಷ್ಯತ್ವಕ್ಕೆ ಇಲ್ಲಿ ಜಾಗವೇ ಇಲ್ಲ.

ಕೊಂಡಿ ಬೇರೆ ಕಡೆಯಿಂದ ಇದೆ. ಒಸಾಕಾ ಸೀಮೆಯಲ್ಲಿ ಸೇಸೆಕಿ ಆಬೆ ಅನ್ನುವ ಹಿರಿಯರಿದ್ದರು. ಉಯೆಶಿಬಾ ಅವರಿಗೆ ಕುಂಚದ ಬರಹ ಕಲಿಸಿದವರು, ಅವರಿಂದ ಐಕಿಡೊ ಕಲಿತವರು. ಸೀಗಲ್ ಆಬೆ ಅವರ ಬಳಿ ಹೋಗುತ್ತಿದ್ದರು, ಅವರನ್ನು ಗುರು ಅಂತಲೇ ಗೌರವಿಸಿದರು. ಇದೇ ಒಳ್ಳೆಯ ವಂಶಾವಳಿ. ಇದರ ಮೇಲೆ ಇನ್ನೊಂದು ಕಥೆ ಯಾಕೆ ಬೇಕಿತ್ತೋ!

ಸಿನಿಮಾ ನೋಡಿ ಅಳೆಯಬಹುದಾ?

ಸ್ವಲ್ಪ ಮಟ್ಟಿಗೆ. ಮೊದಲ ಸಿನಿಮಾ 'ಅಬವ್ ದ ಲಾ' 1988ರದು. ಅದರ ಶುರುವಿನಲ್ಲೇ ಡೋಜೊ ದೃಶ್ಯ ಬರುತ್ತದೆ, ಜಪಾನಿ ಭಾಷೆಯ ಮಾತೂ ಇದೆ. ಆ ಕಾಲದ ಫೈಟ್‌ಗಳಲ್ಲಿ ಕ್ಯಾಮೆರಾ ದೂರ ನಿಲ್ಲುತ್ತದೆ. ತಲೆಯಿಂದ ಪಾದದವರೆಗೆ ಪೂರ್ತಿ ಮೈ ಕಾಣುತ್ತದೆ. ಒಂದೇ ಶಾಟ್‌ನಲ್ಲಿ ದಾಳಿ, ತಿರುವು, ಎಸೆತ ಎಲ್ಲ ಮುಗಿಯುತ್ತದೆ. ಚಲನೆ ಬಾರದವರನ್ನು ಹೀಗೆ ಚಿತ್ರಿಸಲು ಯಾವ ನಿರ್ದೇಶಕರಿಗೂ ಧೈರ್ಯ ಬರುವುದಿಲ್ಲ.

ಆಮೇಲಾಮೇಲೆ, ಥಿಯೇಟರ್ ಬಿಟ್ಟು ನೇರವಾಗಿ ಡಿವಿಡಿಗೆ ಬಂದ ಸಿನಿಮಾಗಳಲ್ಲಿ ಕ್ಯಾಮೆರಾ ಹತ್ತಿರ ಬಂತು. ಮುಖ ಒಂದು ಶಾಟ್, ಕೈ ಒಂದು ಶಾಟ್, ಬೆನ್ನು ಕಾಣುವ ಶಾಟ್ ಇನ್ನೊಂದು. ಆ ಬೆನ್ನು ಯಾರದ್ದೋ! ಒಂದು ಎಸೆತಕ್ಕೆ ನಾಲ್ಕೈದು ಕಟ್ ಇದ್ದರೆ ಅದರಿಂದ ನಟರ ಕೌಶಲ ಗೊತ್ತಾಗುವುದಿಲ್ಲ, ಎಡಿಟರ್ ಕೌಶಲ ಗೊತ್ತಾಗುತ್ತದೆ.

ಇನ್ನೊಂದು ಮಾತು. ಸಿನಿಮಾ ಫೈಟ್‌ನಲ್ಲಿ ದಾಳಿ ಮಾಡುವವರಿಗೆ ಮೊದಲೇ ಎಲ್ಲ ಗೊತ್ತಿರುತ್ತದೆ. ಯಾವ ಕೈ ಎತ್ತಬೇಕು, ಯಾವ ಕಡೆ ಬೀಳಬೇಕು, ಎಲ್ಲ. ಹಾಗಾಗಿ ಸಿನಿಮಾದಿಂದ ಕಾಲಿನ ನಡೆ, ನಿಲುವು, ವೇಗ ಇಷ್ಟನ್ನು ನೋಡಬಹುದು. ಎದುರಾಳಿಯ ಮನಸ್ಸು ಓದುವ ಶಕ್ತಿ ಇದೆಯಾ ಅನ್ನುವುದು ಅಲ್ಲಿ ಕಾಣುವುದಿಲ್ಲ.

ಹಾಗಾದ್ರೆ ಯಾವ ವಿಡಿಯೊ ನೋಡಬೇಕು? ಏನನ್ನು ನೋಡಬೇಕು?

ಡೋಜೊ ವಿಡಿಯೊಗಳು. ಅದರಲ್ಲೂ 1980ರ ದಶಕದ ಹಳೆಯವು. ಬಣ್ಣ ಮಾಸಿದೆ, ಆದರೆ ಅವರ ಮೈ ಆಗ ಹಗುರ ಇತ್ತು, ಕ್ಯಾಮೆರಾ ಒಂದೇ ಕಡೆ ನಿಂತಿರುತ್ತಿತ್ತು.

ಹೊಸಬರ ಕಣ್ಣು ಯಾವಾಗಲೂ ಹಾರಿ ಬೀಳುವವರ ಮೇಲೆ ಹೋಗುತ್ತದೆ. ಅಲ್ಲಿಂದ ಕಣ್ಣು ಕಿತ್ತು ನಾಗೆಯ ಪಾದದ ಮೇಲೆ ಇಡಿ. ಏಟು ಬರುವ ಗೆರೆಯಿಂದ ಪಾದ ಯಾವಾಗ ಸರಿಯುತ್ತದೆ? ಏಟು ಶುರುವಾಗುವ ಮೊದಲೇ ಸರಿದರೆ ಎದುರಾಳಿ ದಿಕ್ಕು ಬದಲಿಸಬಹುದು. ಅಂದರೆ ಅದು ಮೊದಲೇ ಮಾತಾಡಿಕೊಂಡ ಆಟ. ತೀರಾ ತಡವಾದರೆ ಏಟು ಬಿದ್ದೇ ಬಿಡುತ್ತದೆ. ಎದುರಾಳಿ ಮೈಭಾರವನ್ನೆಲ್ಲ ಏಟಿಗೆ ಹಾಕಿದ, ಇನ್ನು ವಾಪಸ್ ಎಳೆದುಕೊಳ್ಳಲಾರ ಎನ್ನುವ ಆ ಚಿಟಿಕೆ ಹೊತ್ತಿನಲ್ಲಿ ಪಾದ ಸರಿಯಬೇಕು. ಸೀಗಲ್ ಅವರ ಹಳೆಯ ವಿಡಿಯೊಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಆಗುವುದು ಇದೇ. ಅವಸರ ಇಲ್ಲ. ಬೀದಿಯಲ್ಲಿ ನಡೆದುಕೊಂಡು ಹೋಗುವವರ ಹಾಗೆ ಏಟಿನೊಳಗೇ ನಡೆದು ಹೋಗುತ್ತಾರೆ.

ಆಮೇಲೆ ವಿಡಿಯೊ ನಿಲ್ಲಿಸಿ ಒಂದು ಪರೀಕ್ಷೆ ಮಾಡಿ. ನಾಗೆ ಅಲ್ಲಾಡದೆ ನಿಂತಿದ್ದರೆ ಆ ಏಟು ಅವರಿಗೆ ತಗಲುತ್ತಿತ್ತಾ? ಇಷ್ಟು ಸಾಕು, ಅರ್ಧಕ್ಕರ್ಧ ಪ್ರದರ್ಶನಗಳ ಬಣ್ಣ ಬಯಲಾಗುತ್ತದೆ. ಬಹಳ ಉಕೆಗಳು ಗುರುವಿಗೆ ಒಂದು ಗೇಣು ದೂರದಲ್ಲೇ ಏಟು ನಿಲ್ಲಿಸುತ್ತಾರೆ, ಇಲ್ಲವೇ ಗುರು ಮುಂದೆ ಎಲ್ಲಿಗೆ ಹೋಗುತ್ತಾರೋ ಅಲ್ಲಿಗೇ ಕೈ ಚಾಚುತ್ತಾರೆ. ಈ ದೂರದ ಲೆಕ್ಕಕ್ಕೆ ಜಪಾನಿಯಲ್ಲಿ ಮಾಆಯಿ ಅನ್ನುತ್ತಾರೆ. ದೂರ ಸುಳ್ಳಾದರೆ ಮುಂದಿನದೆಲ್ಲ ಸುಳ್ಳು.

ಮೂರನೆಯದು, ಎಸೆಯುವ ಮೊದಲು ಉಕೆಯ ಸಮತೋಲನ ಹೋಗಿದೆಯಾ ಅನ್ನುವುದು. ಹಿಮ್ಮಡಿ ಏಳಬೇಕು, ಬೆನ್ನು ಬಾಗಬೇಕು, ತಲೆ ಪಾದದ ಮೇಲಿಂದ ಆಚೆ ಹೋಗಬೇಕು. ಉಕೆ ನೆಟ್ಟಗೆ ನಿಂತಿದ್ದು, ಒಮ್ಮೆಲೇ ಗಾಳಿಯಲ್ಲಿ ಮಗುಚಿದರೆ ಅವನೇ ಹಾರಿದ ಅಂತ ಅರ್ಥ. ಉಕೆಯ ಇನ್ನೊಂದು ಕೈ ಎಲ್ಲಿದೆ ಅನ್ನುವುದನ್ನೂ ನೋಡಿ. ಆ ಕೈಯಿಂದ ನಾಗೆಯ ಮುಖಕ್ಕೆ ಹೊಡೆಯಲು ಸಾಧ್ಯ ಇದ್ದರೆ ನಾಗೆ ತಪ್ಪು ಜಾಗದಲ್ಲಿ ನಿಂತಿದ್ದಾರೆ.

ಕೊನೆಗೆ ನನ್ನ ಮೆಚ್ಚಿನ ಸಂಗತಿ, ತಪ್ಪುಗಳು. ಹಿಡಿತ ಜಾರಿದಾಗ ಏನು ಮಾಡುತ್ತಾರೆ? ಎಷ್ಟು ದೊಡ್ಡ ಗುರುವಾದರೂ ಹತ್ತು ಎಸೆತದಲ್ಲಿ ಒಂದೆರಡು ಎಡವಟ್ಟಾಗುತ್ತದೆ. ವಿದ್ಯೆ ಇರುವವರು ಅಲ್ಲಿಂದಲೇ ಬೇರೆ ಪಟ್ಟಿಗೆ ಜಾರುತ್ತಾರೆ. ನೋಡುವವರಿಗೆ ತಪ್ಪಾಯಿತು ಅಂತಲೇ ಗೊತ್ತಾಗುವುದಿಲ್ಲ. ಒಬ್ಬರ ಮೇಲೆ ನಾಲ್ಕು ಜನ ನುಗ್ಗುವ ಅಭ್ಯಾಸದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಆ ವಿಡಿಯೊಗಳಲ್ಲಿ ಸೀಗಲ್ ಒಬ್ಬರನ್ನು ಇನ್ನೊಬ್ಬರ ದಾರಿಗೆ ಅಡ್ಡ ಹಾಕುತ್ತಾ ಹೋಗುತ್ತಾರೆ. ಎಸೆತ ಅಂದವಾಗಿಲ್ಲದಿದ್ದರೂ ಜಾಗ ಬಿಟ್ಟುಕೊಡುವುದಿಲ್ಲ. ಇದನ್ನು ನಟನೆಯಿಂದ ತರುವುದು ಬಹಳ ಕಷ್ಟ.

ಎದುರಿಗಿನವರು ಬೇಕಂತಲೇ ಬೀಳ್ತಾರಲ್ವಾ?

ಹೌದು ಮತ್ತು ಇಲ್ಲ. ಈ ಪ್ರಶ್ನೆಗೆ ಸ್ವಲ್ಪ ತಾಳ್ಮೆ ಬೇಕು.

ಕೋತೆಗಾಯೆಶಿ ಅನ್ನುವ ಪಟ್ಟು ತೆಗೆದುಕೊಳ್ಳಿ. ಮಣಿಕಟ್ಟನ್ನು ಹೊರಗಡೆ ಮಡಚಿ ತಿರುಗಿಸುತ್ತಾರೆ. ಆ ತಿರುವಿಗೆ ಒಬ್ಬ ಮನುಷ್ಯನನ್ನು ಗಾಳಿಗೆ ಎತ್ತುವ ಶಕ್ತಿ ಇಲ್ಲ. ಉಕೆ ತಾನೇ ಹಾರುತ್ತಾನೆ. ಯಾಕೆ? ನಿಧಾನವಾಗಿ ಮಾಡಿದರೆ ಸುಮ್ನೆ ಹಿಂದಕ್ಕೆ ಕೂತು ಬೀಳಬಹುದು. ಜೋರಾಗಿ ಮಾಡಿದಾಗ ಕೂರಲು ಸಮಯ ಇರುವುದಿಲ್ಲ. ಮೈ ಮುಂದಕ್ಕೆ ಹೋಗುತ್ತಿರುತ್ತದೆ, ಮಣಿಕಟ್ಟು ಹಿಂದಕ್ಕೆ ತಿರುಗುತ್ತಿರುತ್ತದೆ. ಕೀಲು ಮುರಿಯುವ ಮೊದಲು ಇಡೀ ಮೈಯನ್ನು ಆ ತಿರುವಿನ ದಿಕ್ಕಿಗೇ ಎಸೆದುಕೊಳ್ಳುವುದು ಒಂದೇ ದಾರಿ. ಹೀಗೆ ಬೀಳುವ ವಿದ್ಯೆಗೆ ಉಕೆಮಿ ಅನ್ನುತ್ತಾರೆ. ಅಭ್ಯಾಸದ ಅರ್ಧ ಸಮಯ ಇದನ್ನು ಕಲಿಯುವುದರಲ್ಲೇ ಹೋಗುತ್ತದೆ. ಅಂದರೆ ಬೀಳುವುದು ಉಕೆಯ ಆಯ್ಕೆ. ಬೀಳದಿದ್ದರೆ ಏನಾಗುತ್ತದೆ ಅನ್ನುವ ಭಯ ಮಾತ್ರ ನಿಜವಾಗಿರಬೇಕು.

ತೊಂದರೆ ಶುರುವಾಗುವುದು ಇಲ್ಲಿಂದಲೇ. ವರ್ಷಗಟ್ಟಲೆ ಒಬ್ಬರೇ ಗುರುವಿಗೆ ಬಿದ್ದ ಮೈ, ಭಯಕ್ಕೆ ಕಾರಣ ಇಲ್ಲದಿದ್ದರೂ ಬೀಳುತ್ತದೆ. ನನಗೇ ಆಗಿದೆ. ಒಂದು ದಿನ ನಮ್ಮ ಗುರುಗಳು ನನ್ನ ಕೈ ಹಿಡಿಯುವ ಹಾಗೆ ಬಂದು, ಹಿಡಿಯದೆ ಪಕ್ಕಕ್ಕೆ ಹೋಗಿಬಿಟ್ಟರು. ನಾನು ಖಾಲಿ ಚಾಪೆಯ ಮೇಲೆ ಒಬ್ಬನೇ ದಬಕ್ಕನೆ ಬಿದ್ದೆ. "ಈಗ ನಿನ್ನನ್ನು ಎಸೆದದ್ದು ಯಾರು?" ಅಂತ ಕೇಳಿದರು. ಡೋಜೊಗೆ ಡೋಜೊನೇ ನಕ್ಕಿತು. ಆವತ್ತಿನಿಂದ ಯಾವ ಪ್ರದರ್ಶನ ನೋಡಿದರೂ ನನಗೆ ಮೊದಲು ಉಕೆಯ ಮೇಲೇ ಅನುಮಾನ.

ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ. ಹಾಗಾಗಿ ನಾಗೆಯನ್ನು ಅಳೆಯಬೇಕಾದರೆ ಉಕೆಯ ಪ್ರಾಮಾಣಿಕತೆಯನ್ನೂ ಅಳೆಯಬೇಕು. ಸೀಗಲ್ ಅವರ ಹಳೆಯ ವಿಡಿಯೊಗಳಲ್ಲಿ ಉಕೆಗಳು ಜೋರಾಗಿ, ಹತ್ತಿರ ಬಂದು ಹೊಡೆಯುತ್ತಾರೆ. ಇತ್ತೀಚಿನವುಗಳಲ್ಲಿ ಹಾಗಿಲ್ಲ.

ಅವರ ಐಕಿಡೊ ಬೇರೆ ಗುರುಗಳದ್ದಕ್ಕಿಂತ ಬೇರೆ ಥರ ಕಾಣುತ್ತೆ, ಯಾಕೆ?

ಅವರು ಸುತ್ತುವುದಕ್ಕಿಂತ ಒಳಗೆ ನುಗ್ಗುವುದು ಜಾಸ್ತಿ. ಐಕಿಡೊದಲ್ಲಿ ಇರಿಮಿ ಮತ್ತು ತೆಂಕನ್ ಅಂತ ಎರಡು ಮೂಲ ನಡೆಗಳಿವೆ. ಇರಿಮಿ ಅಂದರೆ ಒಳಗೆ ಹೋಗುವುದು, ತೆಂಕನ್ ಅಂದರೆ ತಿರುಗಿ ದಾರಿ ಬಿಡುವುದು. ಬಹಳ ಗುರುಗಳ ಐಕಿಡೊದಲ್ಲಿ ಉಕೆಯನ್ನು ದೊಡ್ಡ ಸುತ್ತಿನಲ್ಲಿ ಒಯ್ದು ಎಸೆಯುತ್ತಾರೆ, ಹಕಾಮಾ (ಲಂಗದಂಥ ಅಗಲ ಉಡುಪು) ಬೀಸಿ ನೋಡಲು ಚಂದ. ಸೀಗಲ್ ನೇರ ಹೋಗಿ, ಕೈಯನ್ನು ಮುಖದ ಹತ್ತಿರ ತಂದು, ಕುತ್ತಿಗೆಯ ಮೇಲೆ ತೋಳು ಇಳಿಸಿ ಕೆಡವುತ್ತಾರೆ. ಅದು ಇರಿಮಿನಾಗೆ. ಕಲಿಯಲು 20 ವರ್ಷ ಬೇಕು ಅಂತ ಐಕಿಡೊದವರು ಅದರ ಬಗ್ಗೆ ಹೇಳುವುದುಂಟು. ಅವರ ಎತ್ತರ 6 ಅಡಿ 4 ಇಂಚು. ಆ ಎತ್ತರಕ್ಕೆ ಎದುರಿನವರ ಕುತ್ತಿಗೆ ತಾನಾಗಿಯೇ ತೋಳಿನ ಕೆಳಗೆ ಬರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕುಳ್ಳಗಿರುವ ನಾನು ಅದನ್ನು ನಕಲು ಮಾಡಲು ಹೋಗಿ ತುದಿಗಾಲಲ್ಲಿ ನಿಂತದ್ದೇ ಬಂತು.

ನಿಜವಾದ ಫೈಟ್‌ನಲ್ಲಿ ಗೆಲ್ಲುತ್ತಾರಾ?

ಇದಕ್ಕೆ ಉತ್ತರ ಕೊಡುವವರೆಲ್ಲ ಊಹೆ ಹೇಳುತ್ತಿದ್ದಾರೆ. ಅವರು ಬಾಕ್ಸಿಂಗ್, ಜೂಡೊ, ಎಂಎಂಎ (ಹಲವು ಸಮರಕಲೆ ಬೆರೆತ ಹೊಡೆದಾಟದ ಪಂದ್ಯ) ಯಾವುದರಲ್ಲೂ ಪಂದ್ಯ ಆಡಿ ಹೆಸರು ಮಾಡಿದವರಲ್ಲ. ಒಪ್ಪದ ಎದುರಾಳಿಯ ಜತೆ ಅವರು ಸೆಣಸುವುದನ್ನು ನಾವು ನೋಡಿಲ್ಲ.

ಒಟ್ಟು ಐಕಿಡೊ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ವಿರೋಧಿಸುವ ಎದುರಾಳಿಯ ಜತೆ ಅಭ್ಯಾಸ ಮಾಡದವರಿಗೆ, ಪಟ್ಟು ಎಷ್ಟೇ ಚಂದ ಇದ್ದರೂ, ಗುದ್ದಾಟ ಕಲಿತವರ ಮುಂದೆ ಕಷ್ಟ ಆಗುತ್ತದೆ. ದಡದಲ್ಲಿ ನಿಂತು ಕೈ ಬೀಸಿದರೆ ಈಜು ಬರುವುದಿಲ್ಲ. ಬಾಕ್ಸರ್‌ನ ಕೈ ಏಟು ಕೊಟ್ಟ ತಕ್ಷಣ ವಾಪಸ್ ಹೋಗುತ್ತದೆ, ಮಣಿಕಟ್ಟು ಹಿಡಿಯಲು ಸಿಗುವುದಿಲ್ಲ. ಈ ಕೊರತೆ ಮೊದಲೇ ಕಂಡವರೂ ಇದ್ದರು. ಉಯೆಶಿಬಾ ಅವರ ಹಳೆಯ ಶಿಷ್ಯರಲ್ಲಿ ಒಬ್ಬರಾದ ಕೆಂಜಿ ತೊಮಿಕಿ ಜೂಡೊದಿಂದ ಬಂದವರು. ಐಕಿಡೊಗೂ ಪಂದ್ಯ ಬೇಕು ಅಂತ ಹಟ ಹಿಡಿದು ಬೇರೆ ಶಾಖೆಯನ್ನೇ ಕಟ್ಟಿದರು. ಸೀಗಲ್ ಬಂದದ್ದು ಆ ದಾರಿಯಿಂದ ಅಲ್ಲ.

ಪೊಲೀಸರು, ಕಾವಲು ಕೆಲಸದವರು ಐಕಿಡೊ ಕಲಿಯುತ್ತಾರಲ್ಲ ಅಂತ ಕೇಳುತ್ತಾರೆ. ಹೌದು, ಟೋಕಿಯೊದ ಗಲಭೆ ನಿಗ್ರಹ ಪೊಲೀಸರಿಗೆ ಯೊಶಿನ್‌ಕಾನ್ ಶಾಖೆಯಲ್ಲಿ ವರ್ಷದ ತರಬೇತಿ ಇದೆ. ಆದರೆ ಅವರ ಕೆಲಸ ಒಬ್ಬರನ್ನು ಹಿಡಿದು, ಗಾಯ ಮಾಡದೆ ಕೂರಿಸುವುದು. ರಿಂಗಿನಲ್ಲಿ ಗೆಲ್ಲುವ ಕೆಲಸವೇ ಬೇರೆ.

ಜೀನ್ ಲೆಬೆಲ್ ಅವರು ಸೀಗಲ್ ಕತ್ತು ಹಿಡಿದು ಮೂರ್ಛೆ ಬೀಳಿಸಿದ ಕಥೆ?

ಕೇಳಲು ಮಜಾ ಇದೆ, ಅದಕ್ಕೇ ಸಾಯುತ್ತಿಲ್ಲ. 1991ರ 'ಔಟ್ ಫಾರ್ ಜಸ್ಟಿಸ್' ಸಿನಿಮಾದ ಸೆಟ್‌ನಲ್ಲಿ ನಡೆಯಿತು ಅನ್ನುತ್ತಾರೆ. ನನ್ನನ್ನು ಯಾರೂ ಮೂರ್ಛೆ ಬೀಳಿಸಲಾರರು ಅಂತ ಸೀಗಲ್ ಹೇಳಿದರಂತೆ, ಲೆಬೆಲ್ ಕತ್ತು ಹಿಡಿದರಂತೆ. ಸೀಗಲ್ ಇದನ್ನು ನಿರಾಕರಿಸಿದ್ದಾರೆ. ಸೆಟ್‌ನಲ್ಲಿದ್ದವರ ಮಾತುಗಳೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ವಿಡಿಯೊ ಇಲ್ಲ.

ನಡೆದಿದ್ದರೂ ಅದರಿಂದ ಏನು ಗೊತ್ತಾಗುತ್ತದೆ? ಲೆಬೆಲ್ 1954 ಮತ್ತು 1955ರಲ್ಲಿ ಅಮೆರಿಕದ ರಾಷ್ಟ್ರೀಯ ಜೂಡೊ ಚಾಂಪಿಯನ್. ಅಂಥವರಿಗೆ ಕತ್ತು ಕೊಟ್ಟ ಮೇಲೆ ಯಾರಾದರೂ ಮಲಗುತ್ತಾರೆ.

ಯುಎಫ್‌ಸಿ ಅನ್ನುವ ಎಂಎಂಎ ಪಂದ್ಯಗಳಲ್ಲಿ ಹೆಸರಾದ ಆ ಒದೆಯನ್ನು ಅವರೇ ಕಲಿಸಿದ್ದಾ?

2011ರ ಫೆಬ್ರವರಿಯಲ್ಲಿ ಆಂಡರ್ಸನ್ ಸಿಲ್ವಾ ಮುಂದಕ್ಕೆ ಚಾಚಿದ ಒದೆಯೊಂದನ್ನು ನೇರ ಗಲ್ಲಕ್ಕೆ ಕೊಟ್ಟು ವಿಟೋರ್ ಬೆಲ್ಫೋರ್ಟ್ ಅವರನ್ನು ಮಲಗಿಸಿದರು. ಅದೇ ಏಪ್ರಿಲ್‌ನಲ್ಲಿ ಲ್ಯೋಟೊ ಮಚಿಡಾ ಹಾರಿ ಒದ್ದು ರ‍್ಯಾಂಡಿ ಕುಟೂರ್ ಅವರನ್ನು ಕೆಡವಿದರು. ಇಬ್ಬರೂ ಸೀಗಲ್ ಜತೆ ಅಭ್ಯಾಸ ಮಾಡಿದ್ದರು, ಇಬ್ಬರೂ ಅವರ ಹೆಸರು ಹೇಳಿದರು. ಸೀಗಲ್ ಕೂಡ ಸಂಕೋಚ ಪಡಲಿಲ್ಲ.

ಆದರೆ ಮಚಿಡಾ ಅವರ ತಂದೆಯೇ ಶೋಟೊಕಾನ್ ಕರಾಟೆ ಗುರು. ಮುಂದಕ್ಕೆ ಒದೆಯುವುದು ಕರಾಟೆಯ ಮೊದಲ ಪಾಠಗಳಲ್ಲೇ ಬರುತ್ತದೆ. ಸೀಗಲ್ ಯಾವುದೋ ಸೂಕ್ಷ್ಮ ಹೇಳಿಕೊಟ್ಟಿರಬಹುದು, ಗಲ್ಲಕ್ಕೇ ಗುರಿ ಇಡು ಅಂತ ನೆನಪು ಮಾಡಿರಬಹುದು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಈ ಪುಟದ ಪ್ರಶ್ನೆಗೆ ಅದರಿಂದ ಉಪಯೋಗ ಇಲ್ಲ. ಅದು ಐಕಿಡೊ ಪಟ್ಟೇ ಅಲ್ಲ!

ನಟ ಶಾನ್ ಕಾನರಿಯವರ ಮಣಿಕಟ್ಟನ್ನು ಸೀಗಲ್ ಮುರಿದರಂತೆ?

1983ರ 'ನೆವರ್ ಸೇ ನೆವರ್ ಅಗೇನ್' ಸಿನಿಮಾಗೆ ತರಬೇತಿ ಕೊಡುವಾಗ ಹಾಗಾಯಿತು ಅಂತ ಕಾನರಿಯವರೇ ಟಿವಿಯಲ್ಲಿ ನಗುತ್ತಾ ಹೇಳಿದ್ದರು. ಅಭಿಮಾನಿಗಳು ಇದನ್ನು ಶಕ್ತಿಗೆ ಸಾಕ್ಷಿ ಅಂತ ಹೇಳುತ್ತಾರೆ. ನನಗೆ ಇದು ಮೆಚ್ಚುಗೆಯ ವಿಷಯ ಅಲ್ಲ. ಕಲಿಯುವವರ ಕೀಲು ಕಾಪಾಡುವುದು ಕಲಿಸುವವರ ಮೊದಲ ಕೆಲಸ. ಮಣಿಕಟ್ಟು ಮುರಿಯುವುದು ಸುಲಭ, ಮುರಿಯುವ ಅಂಚಿನಲ್ಲಿ ನಿಲ್ಲಿಸುವುದಕ್ಕೇ ವರ್ಷಗಳು ಬೇಕು.

ಇತ್ತೀಚಿನ ಪ್ರದರ್ಶನ ನೋಡಿ ಎಲ್ಲರೂ ನಗ್ತಾರಲ್ಲ?

ನಾನೂ ನಕ್ಕಿದ್ದೇನೆ. ಅವರು ಹೆಚ್ಚು ಕಡಿಮೆ ನಿಂತಲ್ಲೇ ನಿಂತಿರುತ್ತಾರೆ, ಯುವಕರು ಸರದಿಯಲ್ಲಿ ಬಂದು ತಾವಾಗಿಯೇ ಉರುಳುತ್ತಾರೆ. ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಒಂದರಲ್ಲೂ ಪಾಸಾಗುವುದಿಲ್ಲ.

ಆದರೆ ವಯಸ್ಸಾದ ಗಾಯಕರ ಒಡೆದ ದನಿ ಕೇಳಿ, ಇವರಿಗೆ ಯಾವತ್ತೂ ಸಂಗೀತ ಬರುತ್ತಿರಲಿಲ್ಲ ಅಂತ ಹೇಳುತ್ತೀರಾ? 70 ದಾಟಿದ, ಭಾರವಾದ ಮೈಯನ್ನು 30ರ ಮೈ ಜತೆ ಹೋಲಿಸುವುದು ಸರಿಯಲ್ಲ. ಅಂಥ ಮೈಯಲ್ಲಿ ಅಂಥ ಪ್ರದರ್ಶನ ಕೊಡಲು ಒಪ್ಪಿದ್ದು ತಪ್ಪೇ, ಆ ಟೀಕೆ ಅವರಿಗೆ ಸಲ್ಲಬೇಕು. ಆದರೆ ಅದು ಹಳೆಯ ವಿಡಿಯೊಗಳನ್ನು ಅಳಿಸುವುದಿಲ್ಲ.

ಬೇರೆ ದೊಡ್ಡ ಗುರುಗಳ ಪಕ್ಕ ಇಟ್ಟರೆ?

ಒಳ್ಳೆಯ ಹೋಲಿಕೆಗೆ ಕ್ರಿಶ್ಚಿಯನ್ ತಿಸಿಯೆ ಅವರನ್ನು ತೆಗೆದುಕೊಳ್ಳಿ. ಫ್ರಾನ್ಸಿನವರು, 1951ರಲ್ಲಿ ಹುಟ್ಟಿದವರು. ಸೀಗಲ್‌ಗಿಂತ ಒಂದೇ ವರ್ಷ ದೊಡ್ಡವರು. 1969ರಲ್ಲಿ, 18ರ ಹರೆಯದಲ್ಲಿ ಟೋಕಿಯೊಗೆ ಹೋಗಿ ಮುಖ್ಯ ಡೋಜೊದಲ್ಲಿ ಸುಮಾರು ಏಳು ವರ್ಷ ಕಲಿತರು. ವಾಪಸ್ ಬಂದು ಕಲಿಸುತ್ತಲೇ ಉಳಿದರು. ಈಗ 8ನೇ ಡಾನ್. ಅವರ ಚಲನೆಯಲ್ಲಿ ಎಣ್ಣೆ ಸುರಿದ ಹಾಗೆ ಒಂದು ನಯ ಇದೆ. ಸೀಗಲ್ ಅವರಲ್ಲಿ ಆ ನಯ ಇಲ್ಲ, ಅವರದು ಒರಟು ಮತ್ತು ಚುರುಕು. 1980ರ ದಶಕದ ವಿಡಿಯೊಗಳನ್ನು ಅಕ್ಕಪಕ್ಕ ಇಟ್ಟರೆ ನನಗೆ ಇಬ್ಬರೂ ಗಟ್ಟಿ ಅನ್ನಿಸುತ್ತಾರೆ. ವ್ಯತ್ಯಾಸ ಆದದ್ದು ಆಮೇಲೆ. ಒಬ್ಬರು ದಿನವೂ ಚಾಪೆಯ ಮೇಲೆ ನಿಂತರು, ಇನ್ನೊಬ್ಬರು ಕ್ಯಾಮೆರಾ ಮುಂದೆ ನಿಂತರು.

ಯೊಶಿನ್‌ಕಾನ್ ಕಟ್ಟಿದ ಗೊಜೊ ಶಿಯೊದಾ (1915–1994) ಅವರ ವಿಡಿಯೊಗಳನ್ನೂ ನೋಡಿ. 5 ಅಡಿ ಚಿಲ್ಲರೆ ಎತ್ತರದ ಸಣ್ಣ ಮನುಷ್ಯ. ಎತ್ತರದ ಲಾಭ ಇಲ್ಲದೆ ಸಮತೋಲನ ಕೆಡಿಸುವುದು ಹೇಗೆ ಅಂತ ಅಲ್ಲಿ ಕಾಣುತ್ತದೆ. ಅದು ನೋಡಿದ ಮೇಲೆ ಸೀಗಲ್ ವಿಡಿಯೊ ನೋಡಿದರೆ, ಅವರ ಎಸೆತಗಳಲ್ಲಿ ವಿದ್ಯೆ ಎಷ್ಟು, ಮೈಕಟ್ಟು ಎಷ್ಟು ಅಂತ ಬೇರೆ ಮಾಡಿ ನೋಡುವುದು ಸುಲಭ.

ಐಕಿಡೊ ಶಾಂತಿಯ ಕಲೆ ಅಂತಾರೆ. ಅವರ ನಡತೆ ಹಾಗಿಲ್ಲವಲ್ಲ?

ಅವರ ನಡತೆಯ ಬಗ್ಗೆ ಗಂಭೀರ ಆರೋಪಗಳಿವೆ. ಅವನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು, ಇರಿಮಿನಾಗೆ ಚೆನ್ನಾಗಿದೆ ಅಂತ ಮಾಫಿ ಇಲ್ಲ. ಹಾಗೆಯೇ, ನಡತೆ ಹಿಡಿಸಲಿಲ್ಲ ಅಂತ ಕಾಲಿನ ನಡೆ ಕೆಟ್ಟದಾಗುವುದೂ ಇಲ್ಲ. ಚೆನ್ನಾಗಿ ಅಭ್ಯಾಸ ಮಾಡಿದವರು ಒಳ್ಳೆಯವರೇ ಆಗುತ್ತಾರೆ ಅಂತ ನಂಬಲು ಐಕಿಡೊದವರಿಗೆ ಬಹಳ ಆಸೆ. ನನ್ನ ಅನುಭವದಲ್ಲಿ ಅದು ಆಸೆ ಮಾತ್ರ.

ನಾನು ಐಕಿಡೊ ಕಲಿತೇ ಇಲ್ಲ. ಒಂದೇ ವಿಡಿಯೊ ನೋಡಿ ನಿರ್ಧರಿಸಬೇಕು ಅಂದರೆ?

1980ರ ದಶಕದ ಒಂದು ಡೋಜೊ ವಿಡಿಯೊ ಹುಡುಕಿ. ಹಲವರು ಒಟ್ಟಿಗೆ ದಾಳಿ ಮಾಡುವಂಥದ್ದು ಸಿಕ್ಕರೆ ಒಳ್ಳೆಯದು. ಹಿನ್ನೆಲೆ ಸಂಗೀತ ಹಾಕಿದ್ದರೆ ದನಿ ಬಂದ್ ಮಾಡಿ. ಸಂಗೀತ ಎಲ್ಲರನ್ನೂ ವೀರರನ್ನಾಗಿ ಮಾಡುತ್ತದೆ. ಅರ್ಧ ವೇಗದಲ್ಲಿ ಮೂರು ಸಲ ನೋಡಿ. ಒಂದು ಸಲ ಅವರ ಪಾದ ಮಾತ್ರ. ಇನ್ನೊಂದು ಸಲ ದಾಳಿ ಮಾಡುವವರ ಕೈ ಮಾತ್ರ, ಎಲ್ಲಿಗೆ ಗುರಿ ಇದೆ ಅಂತ. ಮೂರನೆಯ ಸಲ ಉಕೆಗಳ ಮುಖ. ಬಿದ್ದ ಮೇಲೆ ಎದ್ದು ಮತ್ತೆ ನುಗ್ಗುವ ಮೊದಲು ಅರೆಗಳಿಗೆ ಅವರು ಹೇಗೆ ನೋಡುತ್ತಾರೆ ಗಮನಿಸಿ. ಅಲ್ಲಿ ಒಂದು ಸಣ್ಣ ಹಿಂಜರಿಕೆ ಕಂಡರೆ, ಅದು ನಟನೆಯಲ್ಲ. ನಾನೂ ಎಷ್ಟೋ ಸಲ ಹಾಗೆ ಎದ್ದಿದ್ದೇನೆ.